ನಮ್ಮ ನಂಬಿಕೆ ಸಾಲದೆ ಹೋಯಿತೇ?

ಕೊಡಗಿನ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಡೆ ತಿರುಗಿವೆ: ಪ್ರಾರ್ಥಿಸಿದಂತೆ ನಡೆಯದಿದ್ದಾಗ ತಪ್ಪು ಯಾರದು, ನಂಬಿಕೆ ಸಾಕಷ್ಟಿದೆಯೇ ಎಂದು ತಿಳಿಯುವುದು ಹೇಗೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇವಕ್ಕೇ ಜಾಗ ಕೊಟ್ಟಿದ್ದೇವೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚಾದ್ದರಿಂದ ಎಲ್ಲರದ್ದೂ ಊರಷ್ಟೇ ಇದೆ. ಉತ್ತರದಲ್ಲಿ ಬರುವ ಅಧ್ಯಾಯ, ವಚನಗಳನ್ನು ಸತ್ಯವೇದ (ಬೈಬಲ್) ಪಕ್ಕದಲ್ಲಿಟ್ಟುಕೊಂಡು ನೋಡಿ. ನಾವು ಹೇಳಿದ್ದು ಅಲ್ಲಿದೆಯೋ ಇಲ್ಲವೋ ನೀವೇ ಪರೀಕ್ಷಿಸಬಹುದು.

ಪ್ರಶ್ನೆ: ನಮ್ಮ ಯಜಮಾನರಿಗೆ ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೆಯುತ್ತಿತ್ತು. ವಾರವಾರವೂ ಮನೆಗೆ ಬಂದು ಪ್ರಾರ್ಥನೆ ಮಾಡುತ್ತಿದ್ದವರು “ಚೂರೂ ಸಂಶಯ ಇಟ್ಟುಕೊಳ್ಳದೆ ನಂಬಿ, ಗುಣ ಆಗೇ ಆಗುತ್ತದೆ” ಎಂದರು. ನಂಬಿದೆ. ಆದರೆ ರಾತ್ರಿ ಅವರ ಕಾಲು ಊದಿಕೊಂಡದ್ದು ನೋಡಿದಾಗ ಹೆದರಿಕೆಯಾಗುತ್ತಿತ್ತು. ಅವರು ತೀರಿಕೊಂಡರು. ಈಗ ಅದೇ ಜನ “ಮನೆಯಲ್ಲಿ ಯಾರದ್ದೋ ನಂಬಿಕೆ ಅಲುಗಾಡಿತು” ಅನ್ನುತ್ತಾರೆ. ನನ್ನ ಹೆದರಿಕೆಯಿಂದಲೇ ಅವರು ಹೋದರೇ?
– ಸಿದ್ದಾಪುರ

ಉತ್ತರ: ಇಲ್ಲ ಅಮ್ಮಾ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು, ಸುವಾರ್ತೆಗಳಲ್ಲಿ ಇರುವುದೇ ಹಾಗೆ.

ಮಾರ್ಕ 9ನೇ ಅಧ್ಯಾಯದಲ್ಲಿ ಮಗನನ್ನು ಕರೆತಂದ ತಂದೆ ಯೇಸುವಿನ ಮುಂದೆ ಕೂಗಿ ಹೇಳುವುದೇ “ನಂಬುತ್ತೇನೆ, ನಂಬಲಾರದೆ ಇರುವ ನನಗೆ ಸಹಾಯ ಮಾಡು” ಎಂಬರ್ಥದ ಮಾತು (9:24). ಅರ್ಧ ನಂಬಿಕೆ, ಅರ್ಧ ಹೆದರಿಕೆ. ಮೊದಲು ಸಂಶಯ ಬಿಟ್ಟು ಬಾ ಎಂದು ಅವನನ್ನು ಹಿಂದಕ್ಕೆ ಕಳಿಸಲಿಲ್ಲ, ಹುಡುಗ ಗುಣವಾದ. ಅದೇ ಪ್ರಸಂಗವನ್ನು ಮತ್ತಾಯ 17ರಲ್ಲಿ ಓದಿ. ಅಲ್ಲಿ “ನಿಮ್ಮ ನಂಬಿಕೆ ಅಲ್ಪ” ಎಂಬ ಮಾತು ಬರುತ್ತದೆ, ಆದರೆ ಅದನ್ನು ಕೇಳಿಸಿಕೊಂಡವರು ಪ್ರಾರ್ಥಿಸಲು ಹೋಗಿ ಕೈಲಾಗದೆ ನಿಂತ ಶಿಷ್ಯರು. ರೋಗಿಯ ಮನೆಯವರಿಗೆ ಆ ಮಾತು ಬರಲಿಲ್ಲ. ನಿಮ್ಮ ಮನೆಗೆ ಬಂದವರು ಇದನ್ನು ತಲೆಕೆಳಗು ಮಾಡಿದ್ದಾರೆ.

ಯೋಹಾನ 5ರಲ್ಲಿ 38 ವರ್ಷ ಕಾಯಿಲೆ ಬಿದ್ದವನಿಗೆ ತನ್ನನ್ನು ಗುಣಪಡಿಸಿದವರು ಯಾರೆಂದೇ ಗೊತ್ತಿರಲಿಲ್ಲ (5:13). ಲೂಕ 7ರ ನಾಯಿನ್ ಊರಿನ ವಿಧವೆ ಮಗನ ಶವದ ಹಿಂದೆ ಅಳುತ್ತ ಹೋಗುತ್ತಿದ್ದಳು. ಅವಳು ಏನನ್ನೂ ಬೇಡಲಿಲ್ಲ, ಅವಳ ನಂಬಿಕೆಯ ಬಗ್ಗೆ ಯಾರೂ ಕೇಳಲಿಲ್ಲ. ಲಾಜರನ ಸಮಾಧಿಯ ಮುಂದೆ ನಿಂತು “ನಾಲ್ಕು ದಿನವಾಯಿತು, ವಾಸನೆ ಬರುತ್ತದೆ” ಎಂದು ತಡೆದದ್ದು ಅವನ ಅಕ್ಕ ಮಾರ್ಥಳೇ (ಯೋಹಾನ 11:39). ಇವರಲ್ಲಿ ಒಬ್ಬರೂ ನಿಮಗೆ ಹೇಳಿದ “ಚೂರೂ ಸಂಶಯವಿಲ್ಲದ” ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಪೌಲನ ನಂಬಿಕೆ ಕಡಿಮೆ ಎಂದು ಯಾರೂ ಹೇಳಲಾರರು. ತನ್ನ ದೇಹದಲ್ಲಿ ನಾಟಿದ ಮುಳ್ಳು ಹೋಗಲೆಂದು ಅವನು ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು (2 ಕೊರಿಂಥ 12:8-9). ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬರಬೇಕಾಯಿತು (2 ತಿಮೊಥೆಯ 4:20). ನಂಬಿಕೆಯ ಅಧ್ಯಾಯವೆಂದೇ ಹೆಸರಾದ ಇಬ್ರಿಯ 11ರಲ್ಲಿ 34ನೇ ವಚನದವರು ನಂಬಿಕೆಯಿಂದ ಕತ್ತಿಯ ಬಾಯಿಂದ ಪಾರಾದರು. ಮೂರು ವಚನ ದಾಟಿ 37ಕ್ಕೆ ಬಂದರೆ ಅದೇ ನಂಬಿಕೆಯವರು ಕತ್ತಿಯಿಂದ ಸತ್ತರು. 39ನೇ ವಚನ ಎರಡೂ ಗುಂಪಿಗೆ ಒಂದೇ ಮೆಚ್ಚುಗೆ ಕೊಡುತ್ತದೆ. ಪ್ರಾರ್ಥನೆ ಕೂಟಗಳಲ್ಲಿ 35ನೇ ವಚನದ ನಡುವಿಗೇ ಓದು ನಿಲ್ಲಿಸುವ ರೂಢಿ ಇದೆ. ಮುಂದಿನದನ್ನೂ ಜೋರಾಗಿ ಓದಲು ಹೇಳಿ.

ನಿಮ್ಮ ಮನೆಗೆ ಬಂದವರು ಮಾರ್ಕ 6:5-6 ತೋರಿಸಬಹುದು: ನಜರೇತಿನಲ್ಲಿ ಜನರ ಅಪನಂಬಿಕೆಯ ದೆಸೆಯಿಂದ ಯೇಸು ಹೆಚ್ಚೇನೂ ಮಾಡಲಾಗಲಿಲ್ಲ. ವಾಕ್ಯ ಇರುವುದು ಹೌದು. ಅಲ್ಲಿನವರು ‘ಇವನು ನಮ್ಮೂರ ಬಡಗಿಯಲ್ಲವೇ’ ಎಂದು ಬೇಸರಪಟ್ಟುಕೊಂಡು ಆತನನ್ನೇ ಬೇಡವೆಂದವರು. ನೀವು ಆತನನ್ನು ಬೇಡವೆಂದಿರಾ? ರಾತ್ರಿಯೆಲ್ಲ ಎದ್ದು ಕೂತು ಆತನನ್ನೇ ಕರೆದವರು ನೀವು. ಯಾಕೋಬ 5:14-15ನ್ನೂ ಎತ್ತಬಹುದು, ನಂಬಿಕೆಯ ಪ್ರಾರ್ಥನೆ ರೋಗಿಯನ್ನು ಉಳಿಸುವುದೆಂದು. ಆದರೆ ಅಲ್ಲಿ ಪ್ರಾರ್ಥಿಸಬೇಕಾದವರು ಸಭೆಯ ಹಿರಿಯರು. ರೋಗಿಯ ಪಾಲಿನ ಕೆಲಸ ಅವರಿಗೆ ಹೇಳಿಕಳಿಸುವುದು ಅಷ್ಟೇ. ನಂಬಿಕೆಯ ಲೆಕ್ಕ ಕೇಳಲೇಬೇಕೆಂದು ಹೊರಟರೆ ಮೊದಲು ಕೇಳಬೇಕಾದದ್ದು ಅವರನ್ನೇ. ಹಾಗೆ ಕೇಳಿ ಎಂದು ನಾವು ಹೇಳುತ್ತಿಲ್ಲ.

ಡಯಾಲಿಸಿಸ್‌ನಲ್ಲಿರುವವರ ಕಾಲು ಊದುವುದು ದೇಹದಲ್ಲಿ ನೀರು, ಉಪ್ಪು ಉಳಿದದ್ದರಿಂದ. ಅದನ್ನು ಕಂಡು ಹೆದರಿದ್ದು ಅವರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದ ಹೆಂಡತಿಗೆ ಸಹಜ. ಆ ಗುಂಪು ಮತ್ತೆ ಬಂದರೆ ಬಾಗಿಲು ಹಾಕಬೇಕಿಲ್ಲ, ಆದರೆ ಆ ಮಾತನ್ನು ಮನೆಯೊಳಗೆ ಆಡಬೇಡಿ ಎಂದು ನೇರವಾಗಿ ಹೇಳಿ. ಹೇಳಲು ನಿಮಗೆ ಕಷ್ಟವಾದರೆ ನಿಮ್ಮ ಗುರುಗಳಿಂದಲೋ ಪಾಸ್ಟರಿಂದಲೋ ಹೇಳಿಸಿ. ಎರಡು ವಾರ ದಾಟಿದರೂ ನಿದ್ದೆ ಬಾರದೆ, ಊಟ ಸೇರದೆ ಇದ್ದರೆ, ಬದುಕೇ ಬೇಡವೆನಿಸಿದರೆ 14416ಕ್ಕೆ ಕರೆ ಮಾಡಿ. ಅದು ಸರಕಾರದ ಟೆಲಿ ಮಾನಸ್ ಸಹಾಯವಾಣಿ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪ್ರಾರ್ಥನೆಯನ್ನೂ ಬಿಡಬೇಡಿ, ಆ ಕರೆಯನ್ನೂ ಮುಂದೂಡಬೇಡಿ.

ಪ್ರಶ್ನೆ: ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದರೆ ಬೆಟ್ಟವೂ ಕದಲುತ್ತದೆ ಅಂತಾರೆ. ನನ್ನದು ಅಷ್ಟೂ ಇಲ್ಲವೇನೋ ಅನಿಸುತ್ತದೆ. ಬೆಳೆಸಿಕೊಳ್ಳುವುದು ಹೇಗೆ? ದಿನಾ ನೂರು ಸಲ “ನಾನು ನಂಬುತ್ತೇನೆ” ಎಂದು ಬರೆಯಲು ಒಬ್ಬರು ಹೇಳಿದ್ದಾರೆ.
– ಸೋಮವಾರಪೇಟೆ

ಉತ್ತರ: ಬರೆಯುವುದನ್ನು ಇವತ್ತೇ ನಿಲ್ಲಿಸಿ. ನೂರು ಸಲವೂ ಆ ಸಾಲು ಶುರುವಾಗುವುದು “ನಾನು” ಎಂದು.

ಶಿಷ್ಯರೂ ಇದನ್ನೇ ಕೇಳಿದ್ದರು: ನಮ್ಮ ನಂಬಿಕೆಯನ್ನು ಹೆಚ್ಚಿಸು (ಲೂಕ 17:5). ಬಂದ ಉತ್ತರದಲ್ಲಿ ಹೆಚ್ಚಿಸುವ ವಿಧಾನವೇ ಇಲ್ಲ. ಅಡುಗೆಮನೆಯ ಸಾಸಿವೆ ಡಬ್ಬಿಯಿಂದ ಒಂದು ಕಾಳು ತೆಗೆದು ನೋಡಿ, ಒಂದೆರಡು ಮಿಲಿಮೀಟರ್ ಅಷ್ಟೇ. ಇಷ್ಟಿದ್ದರೆ ಸಾಕು ಎಂದ ಮೇಲೆ ಅಳತೆಯ ಪ್ರಶ್ನೆಯೇ ಮುಗಿಯಿತು. ಬೆಟ್ಟದ ಮಾತು ಬರುವ ಮಾರ್ಕ 11:23ಕ್ಕೆ ಮೊದಲು 22ನೇ ವಚನ ಇದೆ: ದೇವರಲ್ಲಿ ನಂಬಿಕೆ ಇಡಿ. 23, 24ನ್ನು ಗೋಡೆಗೆ ಬರೆದು ಹಾಕುವವರು 22ನ್ನು ಬಿಡುತ್ತಾರೆ, 25ನ್ನೂ ಬಿಡುತ್ತಾರೆ. 25ರಲ್ಲಿರುವುದು, ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಮನಸ್ತಾಪ ಇದ್ದರೆ ಕ್ಷಮಿಸಿರಿ ಎಂದು. ಬೆಟ್ಟ ಕದಲಿಸುವುದಕ್ಕಿಂತ ಅದು ಕಷ್ಟ, ಅದಕ್ಕೇ ಬಿಟ್ಟುಹೋಗಿರಬೇಕು.

ತೋಟದಲ್ಲಿ ಕರಿಮೆಣಸು ಹಬ್ಬುವುದನ್ನು ನೀವು ದಿನವೂ ನೋಡುವವರು. ಬಳ್ಳಿ ಗೆಣ್ಣುಗೆಣ್ಣಿನಲ್ಲಿ ಸಣ್ಣ ಬೇರು ಬಿಟ್ಟು ಹಾಲುವಾಣವನ್ನೋ ಸಿಲ್ವರ್ ಮರವನ್ನೋ ಹಿಡಿಯುತ್ತದೆ. ಎಳೆ ಬಳ್ಳಿಯ ಹಿಡಿತ ಬೆರಳಲ್ಲಿ ಎಳೆದರೆ ಬಿಡುವಷ್ಟು ಸಡಿಲ. ಆದರೂ ಗಟ್ಟಿ ಮರಕ್ಕೆ ಕಟ್ಟಿದ್ದರೆ ಮಳೆಗಾಲ ದಾಟುತ್ತದೆ. ಹತ್ತು ವರ್ಷದ ಸೊಕ್ಕಿದ ಬಳ್ಳಿಯೂ ಒಳಗೆ ಟೊಳ್ಳಾದ ಮರಕ್ಕೆ ಹಬ್ಬಿದ್ದರೆ ಜುಲೈ ಗಾಳಿಗೆ ಮರದ ಜೊತೆಗೇ ನೆಲಕ್ಕೆ ಬರುತ್ತದೆ. ಯಾವ ಮರ ಎಂದು ನೋಡದೆ ಬಳ್ಳಿಯ ದಪ್ಪ ಅಳೆಯುತ್ತ ಕೂರುವ ಬೆಳೆಗಾರ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ದೇವರು ಎಂಥವರೆಂದು ತಿಳಿಯುವ ಕೆಲಸ ಮಾಡಿ. ಮಾರ್ಕನ ಸುವಾರ್ತೆ 16 ಅಧ್ಯಾಯ, ದಿನಕ್ಕೊಂದರಂತೆ ಓದಿದರೆ 16 ದಿನ. ಓದುವಾಗ ನೋಟ್‌ಬುಕ್ಕಿನಲ್ಲಿ ಎರಡೇ ಪ್ರಶ್ನೆಗೆ ಉತ್ತರ ಬರೆಯಿರಿ: ಇಲ್ಲಿ ಯೇಸು ಏನು ಮಾಡಿದರು, ಯಾರೊಡನೆ ಹೇಗೆ ಮಾತಾಡಿದರು. “ನನಗೆ ಏನನಿಸಿತು” ಎಂಬ ಕಾಲಂ ಬೇಡ, ಸದ್ಯಕ್ಕಂತೂ ಬೇಡ. ಓದು ಮುಗಿದ ಮೇಲೆ ಒಂದು ಬೇಡಿಕೆ, ಒಂದು ಕೃತಜ್ಞತೆ, ಎರಡೂ ಜೋರಾಗಿ. ಹತ್ತು ನಿಮಿಷದ ಕೆಲಸ. ಎರಡನೇ ವಾರದ ಹೊತ್ತಿಗೆ ಬೇಸರ ಬರುತ್ತದೆ, ಬಹುತೇಕರು ಬಿಡುವುದು ಅಲ್ಲೇ. ಒಂದು ದಿನ ತಪ್ಪಿದರೆ ಮಾರನೇ ದಿನ ಎರಡು ಓದಿ ಸರಿದೂಗಿಸಲು ಹೋಗಬೇಡಿ, ನಿಂತಲ್ಲಿಂದ ಮುಂದುವರಿಸಿ. ಲೆಕ್ಕ ತುಂಬಿಸುವ ಚಟ ಮತ್ತೆ ನೂರು ಸಲ ಬರೆಯುವಲ್ಲಿಗೇ ತಂದು ನಿಲ್ಲಿಸುತ್ತದೆ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನನ್ನ ಏರಿಯಾದ ಕ್ಷಯ ರೋಗಿಯೊಬ್ಬರು ಸ್ವಸ್ಥತಾ ಕೂಟವೊಂದರಲ್ಲಿ “ಗುಣವಾಯಿತು” ಎಂದು ಸಾಕ್ಷಿ ಹೇಳಿ ಮಾತ್ರೆ ಬಿಟ್ಟಿದ್ದಾರೆ. ಮಾತ್ರೆ ನುಂಗಿದರೆ ನಂಬಿಕೆ ಇಲ್ಲವೆಂದಾಗುತ್ತದಂತೆ. ನಾನೂ ಚರ್ಚಿಗೆ ಹೋಗುವವಳೇ. ಅವರಿಗೆ ಏನೆಂದು ಹೇಳಲಿ?
– ಕುಶಾಲನಗರ

ಉತ್ತರ: ಮೊದಲು ವೈದ್ಯಕೀಯದ ವಿಷಯ, ಅದಕ್ಕೆ ಕಾಯಲು ಸಮಯವಿಲ್ಲ. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು: ಮೊದಲ ಎರಡು ತಿಂಗಳು ನಾಲ್ಕು ಔಷಧ ಸೇರಿದ ಮಾತ್ರೆ, ಮುಂದಿನ ನಾಲ್ಕು ತಿಂಗಳು ಮೂರು ಔಷಧದ್ದು, ತಪ್ಪದೆ ದಿನವೂ. ಶುರುವಿನ ಕೆಲವು ವಾರಗಳಲ್ಲೇ ಜ್ವರ ಇಳಿಯುತ್ತದೆ, ಕೆಮ್ಮು ತಗ್ಗುತ್ತದೆ, ಹಸಿವು ಮರಳುತ್ತದೆ. ಗುಣವಾಯಿತೆಂದು ಅನಿಸುವುದು ಈ ಹಂತದಲ್ಲೇ. ಒಳಗೆ ಉಳಿದ ರೋಗಾಣುಗಳು ಔಷಧ ನಿಂತಾಗ ಮತ್ತೆ ಏಳುತ್ತವೆ, ಅದೇ ಔಷಧಕ್ಕೆ ಬಗ್ಗದ ಬಗೆಯಾಗಿ ತಿರುಗಲೂಬಹುದು. ಆಗ ಚಿಕಿತ್ಸೆ ಉದ್ದವಾಗುತ್ತದೆ, ಕಠಿಣವಾಗುತ್ತದೆ. ಮನೆಯ ಮಕ್ಕಳಿಗೆ ಹರಡುವುದೂ ಆ ಬಗೆಯೇ. ಅವರನ್ನು ಇಂದೇ ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ಯಿರಿ. ಎಷ್ಟು ದಿನ ಬಿಟ್ಟಿದ್ದಾರೆಂದು ಅಲ್ಲಿ ಮುಚ್ಚಿಡದೆ ಹೇಳಬೇಕು, ಮತ್ತೆ ಹೇಗೆ ಶುರು ಮಾಡುವುದೆಂದು ವೈದ್ಯರು ನಿರ್ಧರಿಸುವುದು ಅದರ ಮೇಲೆ. ಮನೆಯಲ್ಲಿ ಉಳಿದ ಮಾತ್ರೆಯನ್ನು ತಾವೇ ನುಂಗಲು ಶುರು ಮಾಡಬಾರದು. ಚಿಕಿತ್ಸೆಯಲ್ಲಿ ಇರುವಷ್ಟು ಕಾಲ ನಿಕ್ಷಯ್ ಪೋಷಣ್ ಯೋಜನೆಯಿಂದ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ, ನಿಮಗದು ಗೊತ್ತೇ ಇದೆ, ಅವರಿಗೆ ನೆನಪಿಸಿ.

ಇನ್ನು ನಂಬಿಕೆಯ ವಿಷಯ. ಲೂಕ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳಿಗೆ ಯೇಸು ಹೇಳಿದ್ದು: ಹೋಗಿ ಯಾಜಕರಿಗೆ ಮೈ ತೋರಿಸಿ. ಯಾಕೆ ಯಾಜಕರು? ಆ ಕಾಲದಲ್ಲಿ ರೋಗ ಹೋಗಿದೆಯೇ ಇಲ್ಲವೇ ಎಂದು ಪರೀಕ್ಷಿಸಿ ಹೇಳುವ ಅಧಿಕಾರ ಅವರದಾಗಿತ್ತು. ಯಾಜಕಕಾಂಡ 14ರಲ್ಲಿ ಅದರ ಕ್ರಮವೇ ಇದೆ: ಪಾಳೆಯದ ಹೊರಗೆ ಪರೀಕ್ಷೆ, ಸ್ನಾನ, ಕ್ಷೌರ, ಏಳು ದಿನ ತನ್ನ ಗುಡಾರದ ಹೊರಗೇ ಕಾಯುವುದು, ಎಂಟನೇ ದಿನ ಅರ್ಪಣೆ. ತಾನು ಗುಣಪಡಿಸಿದವರನ್ನೇ ಯೇಸು ಪರೀಕ್ಷೆಗೆ ಕಳಿಸಿದರು. ಇಂದು ಆ ಪರೀಕ್ಷೆ ಮಾಡುವ ಜಾಗ ಪ್ರಯೋಗಾಲಯ. ಕಫ ಪರೀಕ್ಷೆಗೆ ಹೆದರುವ ಗುಣಸಾಕ್ಷಿಗೆ ಸತ್ಯವೇದದ ಆಧಾರವಿಲ್ಲ ಎಂದು ಧೈರ್ಯವಾಗಿ ಹೇಳಿ. ಒಂದು ಸಲ ಪರೀಕ್ಷೆಯಲ್ಲಿ ರೋಗಾಣು ಕಾಣದಿದ್ದರೂ ಮಾತ್ರೆ ಅವಧಿ ಮುಗಿಯುವವರೆಗೆ ನುಂಗಲೇಬೇಕು, ಇದನ್ನೂ ಸೇರಿಸಿ ಹೇಳಿ.

ಹಿಜ್ಕೀಯ ಅರಸನ ಪ್ರಾರ್ಥನೆಗೆ ದೇವರು 15 ವರ್ಷ ಆಯುಸ್ಸು ಕೊಟ್ಟಾಗಲೂ ಹುಣ್ಣಿನ ಮೇಲೆ ಅಂಜೂರದ ಉಂಡೆ ಕಟ್ಟಲು ಪ್ರವಾದಿ ಯೆಶಾಯ ಹೇಳಿದ (2 ಅರಸುಗಳು 20:6-7). ಪೌಲ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದ (1 ತಿಮೊಥೆಯ 5:23). ಯಾರೂ ಅದನ್ನು ಅಪನಂಬಿಕೆ ಎನ್ನಲಿಲ್ಲ. ಮಾತ್ರೆ ಬಿಡುವುದನ್ನು ನಂಬಿಕೆಯ ಗುರುತು ಮಾಡಿಕೊಂಡವರು ನಿಜವಾಗಿ ಭಾರ ಹಾಕಿರುವುದು ತಮ್ಮ ಧೈರ್ಯದ ಮೇಲೆ.

ಕ್ಷಯ ಒಂದೇ ಅಲ್ಲ, ನೆನಪಿಡಿ. ಚಿಕ್ಕ ವಯಸ್ಸಿನಿಂದ ಇನ್ಸುಲಿನ್ ಮೇಲೇ ಇರುವ ಮಧುಮೇಹಿ ಅದನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ. ಫಿಟ್ಸ್ ಮಾತ್ರೆ ಏಕಾಏಕಿ ನಿಲ್ಲಿಸಿದರೆ ಒಂದರ ಹಿಂದೊಂದು ಬಿಡದೆ ಫಿಟ್ಸ್ ಬರಬಹುದು. ಬಿಪಿ ಮಾತ್ರೆ ಬಿಟ್ಟವರಿಗೆ ಹೆಚ್ಚಾಗಿ ಏನೂ ಅನಿಸುವುದಿಲ್ಲ, ಲಕ್ವ ಹೊಡೆಯುವವರೆಗೆ. ಕೂಟದ ಮಾರನೇ ವಾರ ಈ ಮನೆಗಳಿಗೆ ಒಮ್ಮೆ ಹೋಗಿ ಮಾತ್ರೆ ಎಣಿಸಿ ಬನ್ನಿ.

ಪ್ರಶ್ನೆ: ಮೂರು ಎಕರೆ ರೊಬಸ್ಟಾ ಕಾಫಿ ಇದೆ. ಗಿಡ ಹೂ ಬಿಡಲು ಬೇಕಾದ ಹೂಮಳೆಗಾಗಿ ಮನೆಯವರೆಲ್ಲ ಪ್ರಾರ್ಥಿಸುತ್ತಿದ್ದೇವೆ. ಈಗ ಸ್ಪ್ರಿಂಕ್ಲರ್ ಹಾಕಿದರೆ ದೇವರನ್ನು ನಂಬಲಿಲ್ಲ ಎಂದಾಗುವುದೇ? ನಮ್ಮ ಅತ್ತೆ ಹಾಗನ್ನುತ್ತಾರೆ.
– ಪೊನ್ನಂಪೇಟೆ

ಉತ್ತರ: ಹಾಕಿ. ಶತ್ರುಗಳ ಬೆದರಿಕೆ ಬಂದಾಗ ನೆಹೆಮೀಯನ ಜನ ದೇವರಿಗೆ ಪ್ರಾರ್ಥಿಸಿದರು, ಹಗಲೂ ರಾತ್ರಿ ಕಾವಲನ್ನೂ ಇಟ್ಟರು (ನೆಹೆಮೀಯ 4:9). ಎರಡೂ ಒಂದೇ ವಾಕ್ಯದಲ್ಲಿವೆ. ಅತ್ತೆಯವರಿಗೆ ಆ ವಚನ ಓದಿ ಹೇಳಿ, ವಾದ ಬೇಡ.

ಮೊಗ್ಗು ಬಲಿತ ಮೇಲೆ ಒಂದರಿಂದ ಒಂದೂವರೆ ಇಂಚು ಮಳೆಗೆ ಸಮವಾಗುವಷ್ಟು ನೀರು ಬೇಕು. ಕಡಿಮೆ ಹಾಕಿದರೆ ಹೂ ಪೂರ್ತಿ ಬಿಚ್ಚದೆ ಅರ್ಧಕ್ಕೇ ಕೆಡುತ್ತದೆ. ನೀರಿಲ್ಲವೆಂದು ಇಡೀ ತೋಟಕ್ಕೆ ಅರ್ಧರ್ಧ ಹಂಚುವುದಕ್ಕಿಂತ ಒಂದು ಭಾಗಕ್ಕೆ ಪೂರ್ತಿ ಕೊಡುವುದು ಮೇಲು. ಹೂವಾದ ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಮಳೆ (ಕಾಯಿ ನಿಲ್ಲಲು ಬೇಕಾದ ಎರಡನೇ ಮಳೆ) ಬರದಿದ್ದರೆ ಮತ್ತೊಮ್ಮೆ ನೀರು ಬೇಕಾಗುತ್ತದೆ, ಕೆರೆಯಲ್ಲಿ ಅದಕ್ಕೂ ಉಳಿಸಿಕೊಳ್ಳಿ. ಹೂ ಅರಳಿದ ದಿನಗಳಲ್ಲಿ ನೀರು ಹಾರಿಸಬೇಡಿ, ಔಷಧವನ್ನೂ ಹೊಡೆಯಬೇಡಿ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಗಾಳಿಯೂ ಜೇನೂ ಬೇಕು. ಇಷ್ಟೆಲ್ಲ ಮಾಡಿದ ಮೇಲೂ ಫಸಲು ನಿಮ್ಮ ಕೈಯಲ್ಲಿಲ್ಲ, ಪ್ರಾರ್ಥನೆಗೆ ಬೇಕಾದಷ್ಟು ಜಾಗ ಉಳಿದೇ ಇರುತ್ತದೆ.

ಹಬಕ್ಕೂಕ 3:17-18ನ್ನೂ ಅತ್ತೆಯವರ ಜೊತೆ ಕೂತು ಓದಿ. ಅಂಜೂರ ಚಿಗುರದಿದ್ದರೂ, ದ್ರಾಕ್ಷೆಯಲ್ಲಿ ಹಣ್ಣಿಲ್ಲದಿದ್ದರೂ, ಹಟ್ಟಿಯಲ್ಲಿ ದನವಿಲ್ಲದಿದ್ದರೂ ಕರ್ತನಲ್ಲಿ ಸಂತೋಷಪಡುತ್ತೇನೆ ಎನ್ನುವ ಪ್ರವಾದಿಯ ಮಾತದು. ಫಸಲು ಬಂದೇ ಬರುತ್ತದೆಂಬ ಭರವಸೆ ಅದರಲ್ಲಿ ಎಲ್ಲೂ ಇಲ್ಲ.

ಪ್ರಶ್ನೆ: ಒಂಬತ್ತು ದಿನದ ನವೇನಾ ಪ್ರಾರ್ಥನೆ ಮಾಡುವಾಗ ಏಳನೇ ದಿನ ಜ್ವರ ಬಂದು ತಪ್ಪಿತು. ಮೊದಲಿನಿಂದ ಮಾಡಬೇಕೇ? ಇಲ್ಲದಿದ್ದರೆ ಫಲ ಸಿಗುವುದಿಲ್ಲವೇ?
– ವಿರಾಜಪೇಟೆ

ಉತ್ತರ: ಬೇಕಿಲ್ಲ. ಉಳಿದ ದಿನಗಳನ್ನು ಮುಗಿಸಿ. 1792ರಿಂದ ಸಂತ ಅನ್ನಮ್ಮನವರ ಚರ್ಚ್ ಇರುವ ಊರು ನಿಮ್ಮದು, ನವೇನಾ ಅಲ್ಲಿ ಹೊಸದಲ್ಲ. ಆದರೆ ಒಂಬತ್ತು ದಿನ ಎಲ್ಲಿಂದ ಬಂತೆಂದು ಮರೆತಿರಬಹುದು. ಯೇಸು ಸ್ವರ್ಗಕ್ಕೇರಿದ ಮೇಲೆ ಪವಿತ್ರಾತ್ಮರು ಬರುವವರೆಗೆ ಶಿಷ್ಯರೂ ಮಾತೆ ಮರಿಯಮ್ಮನವರೂ ಒಟ್ಟಾಗಿ ಪ್ರಾರ್ಥಿಸುತ್ತ ಕಾದ ದಿನಗಳವು (ಅಪೊಸ್ತಲರ ಕೃತ್ಯಗಳು 1:14). ಅವರು ಎಣಿಸುತ್ತಿದ್ದದ್ದು ದಿನಗಳನ್ನಲ್ಲ. ಎಷ್ಟು ದಿನ ಕಾಯಬೇಕೆಂದು ಅವರಿಗೆ ತಿಳಿಸಿರಲೂ ಇಲ್ಲ.

ಒಳ್ಳೆಯ ಪದ್ಧತಿಯೂ ಹೇಗೆ ಕೆಡುತ್ತದೆ ಎನ್ನುವುದಕ್ಕೆ ಮೋಶೆಯ ತಾಮ್ರದ ಸರ್ಪವೇ ಸಾಕ್ಷಿ. ದೇವರೇ ಹೇಳಿ ಮಾಡಿಸಿದ್ದು, ಅದನ್ನು ನೋಡಿದವರು ವಿಷದಿಂದ ಬದುಕಿದರು (ಅರಣ್ಯಕಾಂಡ 21:8-9). ಶತಮಾನಗಳು ಕಳೆದ ಮೇಲೆ ಜನ ಅದಕ್ಕೇ ಧೂಪ ಹಾಕುತ್ತಿದ್ದರು, ಹಿಜ್ಕೀಯ ಅದನ್ನು ಒಡೆದು ಚೂರು ಮಾಡಿದ (2 ಅರಸುಗಳು 18:4). ಒಂದು ದಿನ ತಪ್ಪಿದರೆ ಎಲ್ಲ ಹೋಯಿತು ಎಂಬ ಭಯ ಹುಟ್ಟಿದಾಗ ನವೇನಾಗೂ ಆ ಗತಿ ಬರುತ್ತಿದೆ ಎಂದು ತಿಳಿಯಿರಿ. ನವೇನಾ ಬಿಡಬೇಕಿಲ್ಲ. ಮುಂದಿನ ಸಲ ಶುರು ಮಾಡುವಾಗ ಬೇಡಿಕೆಯ ಕೊನೆಗೆ “ನಿಮ್ಮ ಚಿತ್ತವೇ ನೆರವೇರಲಿ” ಎಂದು ಸೇರಿಸಿ, ಬಾಯಿಮಾತಿಗಲ್ಲದೆ.

ಪ್ರಶ್ನೆ: ಬೀಜದ ಕಾಣಿಕೆ ಎಂದು 10,000 ರೂಪಾಯಿ ಕೊಟ್ಟರೆ ನೂರರಷ್ಟು ಮರಳುತ್ತದೆ ಎಂದು ಹೇಳಿದರು. ಸ್ವಸಹಾಯ ಸಂಘದಿಂದ ಸಾಲ ತೆಗೆದು ಕೊಡಬೇಕೆಂದಿದ್ದೇನೆ.
– ಗೋಣಿಕೊಪ್ಪ

ಉತ್ತರ: ಕೊಡಬೇಡಿ. ಸಾಲದ ಕಂತು ಪ್ರತಿ ವಾರ ಕಟ್ಟಬೇಕಾದವರು ನೀವು, ನೀವು ತಪ್ಪಿದರೆ ಸಂಘದ ಉಳಿದ ಹೆಂಗಸರ ಮೇಲೆ ಬೀಳುತ್ತದೆ. ನೂರರಷ್ಟು ಎಂಬ ಮಾತು ಮಾರ್ಕ 10:30ರದ್ದು. ಅಲ್ಲಿ ಯೇಸುವಿಗಾಗಿ ಮನೆಮಠ ಬಿಟ್ಟವರ ಪ್ರಸ್ತಾಪವಿದೆ, ಬರುವವುಗಳ ಪಟ್ಟಿಯಲ್ಲಿ ಹಿಂಸೆಗಳೂ ಸೇರಿವೆ. ಆ ಪದವನ್ನು ಕೂಟದಲ್ಲಿ ಓದುವಾಗ ಹಾರಿಸಿರುತ್ತಾರೆ. ದೇವರ ವರವನ್ನು ಹಣದಿಂದ ಕೊಳ್ಳಬಹುದೆಂದುಕೊಂಡ ಸಿಮೋನನಿಗೆ ಪೇತ್ರ ಕೊಟ್ಟ ಉತ್ತರ ಅಪೊಸ್ತಲರ ಕೃತ್ಯಗಳು 8:20ರಲ್ಲಿದೆ, ಬಹಳ ಖಾರವಾಗಿದೆ.

ಕಾಣಿಕೆ ಕೊಡಬೇಕೆಂಬ ಮನಸ್ಸು ಒಳ್ಳೆಯದೇ. ಅದು ದುಡಿದ ಹಣದಿಂದ ಇರಲಿ, ಗಂಡ ಹೆಂಡತಿ ಇಬ್ಬರೂ ಮಾತಾಡಿ ಮನೆಯಲ್ಲೇ ಮೊತ್ತ ನಿರ್ಧರಿಸಿ (2 ಕೊರಿಂಥ 9:7). ವೇದಿಕೆಯಿಂದ ಕೂಗಿ ಕೇಳುವ ಹೊತ್ತಿನಲ್ಲಿ ಮೊತ್ತ ಹೇಳಬೇಡಿ. ಒಂದು ವಾರ ಬಿಟ್ಟು ಕೊಟ್ಟರೂ ದೇವರಿಗೆ ತಡವಾಗುವುದಿಲ್ಲ.

ಪ್ರಶ್ನೆ: 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಮ್ಮ ಮನೆಯವರೆಲ್ಲ ಉಳಿದೆವು. ಸಭೆಯಲ್ಲಿ ಆಗಾಗ ಸಾಕ್ಷಿ ಹೇಳಲು ಕರೆಯುತ್ತಾರೆ. “ನಮ್ಮ ನಂಬಿಕೆಯೇ ನಮ್ಮನ್ನು ಉಳಿಸಿತು” ಎಂದು ಹೇಳಿಸುತ್ತಾರೆ. ನಮಗಿಂತ ಹೆಚ್ಚು ಪ್ರಾರ್ಥಿಸುತ್ತಿದ್ದ ಪರಿಚಯದವರು ಅದೇ ಮಳೆಯಲ್ಲಿ ತೀರಿಕೊಂಡರು. ಹಾಗೆ ಹೇಳುವಾಗ ನಾಲಿಗೆ ತಡವರಿಸುತ್ತದೆ.
– ಮಕ್ಕಂದೂರು ಕಡೆಯವರು, ಈಗ ಮಡಿಕೇರಿ

ಉತ್ತರ: ನಿಮ್ಮ ನಾಲಿಗೆ ತಡವರಿಸುವುದು ಸರಿಯಾಗಿಯೇ ಇದೆ. ಅಪೊಸ್ತಲರ ಕೃತ್ಯಗಳು 12ನ್ನು ನೋಡಿ. ಎರಡನೇ ವಚನದಲ್ಲಿ ಹೆರೋದನು ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಅದೇ ಅಧ್ಯಾಯದಲ್ಲಿ ಪೇತ್ರ ಸೆರೆಮನೆಯಿಂದ ಪಾರಾದ. ಇಬ್ಬರೂ ಅಪೊಸ್ತಲರು, ಇಬ್ಬರೂ ಒಂದೇ ಸಭೆಯವರು. ಪೇತ್ರನಿಗಾಗಿ ಪ್ರಾರ್ಥಿಸುತ್ತಿದ್ದವರ ನಂಬಿಕೆ ಎಷ್ಟಿತ್ತೆಂದರೆ, ಅವನು ಬಂದು ಬಾಗಿಲು ತಟ್ಟಿದಾಗ ಸುದ್ದಿ ತಂದ ಹುಡುಗಿಗೆ “ನಿನಗೆ ಹುಚ್ಚು” ಎಂದರು (12:15). ಪೇತ್ರ ಉಳಿದದ್ದಕ್ಕೆ ಅವರ ನಂಬಿಕೆಯನ್ನು ಕಾರಣವಾಗಿ ತೋರಿಸಲು ಆ ಪುಸ್ತಕ ಬರೆದ ಲೂಕನಿಗೂ ಆಗಲಿಲ್ಲ.

ಸಿಲೋವದ ಗೋಪುರ ಬಿದ್ದು 18 ಮಂದಿ ಸತ್ತಾಗ, ಅವರು ಉಳಿದವರಿಗಿಂತ ಕೆಟ್ಟವರಾಗಿದ್ದರೇ ಎಂದು ಯೇಸುವೇ ಕೇಳಿ, ಇಲ್ಲ ಎಂದು ಉತ್ತರಿಸಿದರು (ಲೂಕ 13:4-5). 2018ರಲ್ಲಿ ಆದದ್ದು ಅತಿ ಮಳೆಗೆ ಇಳಿಜಾರಿನ ಮಣ್ಣು ಕುಸಿದದ್ದು. ರಸ್ತೆಗೆ, ಮನೆಗೆ ಗುಡ್ಡ ಕಡಿದ ಕಡೆ ಅದು ಹೆಚ್ಚಾಯಿತು. ಯಾರ ಮನೆಯಲ್ಲಿ ಎಷ್ಟು ಪ್ರಾರ್ಥನೆ ನಡೆಯುತ್ತಿತ್ತೆಂದು ಮಣ್ಣು ನೋಡಲಿಲ್ಲ.

ಸಾಕ್ಷಿ ಹೇಳಿ, ಆದರೆ ಹೀಗೆ ಹೇಳಿ ನೋಡಿ: “ನಾವು ಉಳಿದೆವು. ಯಾಕೆಂದು ನಮಗೆ ಗೊತ್ತಿಲ್ಲ. ನಮಗಿಂತ ಭಕ್ತಿವಂತರು ಹೋದರು. ದೇವರು ನಮ್ಮನ್ನೂ ಅವರನ್ನೂ ಕೈಬಿಟ್ಟಿಲ್ಲವೆಂದು ನಂಬುತ್ತೇವೆ. ಅವರ ಮನೆಯವರಿಗಾಗಿ ಪ್ರಾರ್ಥಿಸಿ.” ಅರ್ಧ ನಿಮಿಷವೂ ಬೇಡ. ಹೋದವರ ಸಂಬಂಧಿಕರು ಅದೇ ಸಭೆಯಲ್ಲಿ ಕೂತಿದ್ದಾರೆಂದು ಎಣಿಸಿಯೇ ಪ್ರತಿ ಮಾತನ್ನೂ ಆಡಿ. ಎಷ್ಟೋ ಸಲ ನಿಜವಾಗಿಯೂ ಕೂತಿರುತ್ತಾರೆ. ಬೇರೆ ರೀತಿ ಹೇಳು ಎಂದು ಒತ್ತಾಯಿಸಿದರೆ ವೇದಿಕೆ ಹತ್ತಬೇಡಿ.

ಪ್ರಶ್ನೆ: ಬಲವಾಗಿ ನಂಬಿದ್ದು ಆಗಿಯೇ ಆಗುತ್ತದೆ, ದೇವರಿರಲಿ ಬಿಡಲಿ ಎಂದು ವಿಡಿಯೋದಲ್ಲಿ ಹೇಳುತ್ತಾರೆ. ಅದೂ ನಮ್ಮ ನಂಬಿಕೆಯೂ ಒಂದೇ ಅಲ್ಲವೇ?
– ಪಿಯುಸಿ ವಿದ್ಯಾರ್ಥಿ, ಸುಂಟಿಕೊಪ್ಪ

ಉತ್ತರ: ಮನಸ್ಸಿನ ಭರವಸೆಗೆ ಶಕ್ತಿ ಇಲ್ಲವೆನ್ನಲಾಗದು. ಔಷಧವೇ ಇಲ್ಲದ ಮಾತ್ರೆಯನ್ನು ಔಷಧವೆಂದು ನುಂಗಿದವರಿಗೂ ನೋವು ಕಡಿಮೆಯಾಗುವುದುಂಟು. ಆದರೆ ಗೆಡ್ಡೆ ಅದರಿಂದ ಕರಗುವುದಿಲ್ಲ, ಓದದ ಪಾಠ ಪರೀಕ್ಷೆಯಲ್ಲಿ ನೆನಪಾಗುವುದಿಲ್ಲ.

ವ್ಯತ್ಯಾಸ ತಿಳಿಯಲು ದಾನಿಯೇಲ 3:17-18 ಓದಿ. ಬೆಂಕಿಯ ಕುಲುಮೆಯ ಮುಂದೆ ನಿಂತ ಮೂವರು ಯುವಕರು ಅರಸನಿಗೆ ಹೇಳಿದ್ದು: ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲ, ಬಿಡಿಸದೆ ಹೋದರೂ ನಿನ್ನ ಬೊಂಬೆಗೆ ಅಡ್ಡಬೀಳುವುದಿಲ್ಲ. ನಿನ್ನ ವಿಡಿಯೋದವರಿಗೆ “ಬಿಡಿಸದೆ ಹೋದರೂ” ಎಂಬ ಮಾತು ಬಾಯಲ್ಲಿ ಬರಲಾರದು. ಅವರ ಪ್ರಕಾರ ಹಾಗೆಂದ ಕೂಡಲೇ ಶಕ್ತಿ ಹೋಯಿತು. ಆ ಮೂವರು ಅದನ್ನು ಅರಸನ ಎದುರಿಗೇ ಹೇಳಿದರು.

ಪ್ರಶ್ನೆ: ಆಸ್ಪತ್ರೆಗೆ ರೋಗಿಗಳನ್ನು ನೋಡಲು ಹೋಗುವ ನಮ್ಮ ಗುಂಪಿಗೆ, ಏನು ಓದಬೇಕು, ಎಷ್ಟು ಹೊತ್ತು ಇರಬೇಕು ಎಂದು ತಿಳಿಸಿ.
– ಮಡಿಕೇರಿ

ಉತ್ತರ: ಇಬ್ಬರು ಹೋಗಿ, ಆರು ಜನ ಬೇಡ. ಹತ್ತು ನಿಮಿಷ ಸಾಕು. ನೆಗಡಿ, ಕೆಮ್ಮು ಇರುವವರು ಹೋಗಲೇಬಾರದು. ಒಳಗೆ ಹೋಗುವಾಗ, ಬರುವಾಗ ಎರಡೂ ಸಲ ಕೈ ತೊಳೆಯಿರಿ.

“ಪ್ರಾರ್ಥಿಸಲೇ, ಏನಂತ ಪ್ರಾರ್ಥಿಸಲಿ?” ಎಂದು ರೋಗಿಯನ್ನೇ ಕೇಳಿ, ಅವರು ಹೇಳಿದ್ದನ್ನೇ ದೇವರ ಮುಂದಿಡಿ. ಗುಣವಾಗಲಿ ಎಂದು ಧಾರಾಳವಾಗಿ ಬೇಡಿ, ಆಗಿಬಿಟ್ಟಿದೆ ಎಂದು ಘೋಷಿಸಬೇಡಿ. ವೈದ್ಯರ, ನರ್ಸ್‌ಗಳ ಹೆಸರನ್ನೂ ಸೇರಿಸಿ. ಓದಲು ಕೀರ್ತನೆ 23 ಎಲ್ಲರಿಗೂ ಗೊತ್ತು. ನೋವಿನಲ್ಲಿ ಇರುವವರಿಗೆ 13 ಒಳ್ಳೆಯದು, ಆರೇ ವಚನ, ಮೊದಲ ನಾಲ್ಕು ಬರೀ ದೂರು ಮತ್ತು ಮೊರೆ. ದೂರುವುದಕ್ಕೂ ಸತ್ಯವೇದದಲ್ಲಿ ಜಾಗವಿದೆ ಎಂದು ಅವರಿಗೆ ತಿಳಿಯಲಿ. ಪ್ರಾರ್ಥಿಸಿದರೂ ಏನೂ ಅನಿಸುತ್ತಿಲ್ಲ ಎನ್ನುವವರಿಗೆ 88 ಓದಬಹುದು, ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಆದರೆ ಆಪರೇಷನ್ನಿನ ಹಿಂದಿನ ರಾತ್ರಿ ಅದು ಬೇಡ. ಓದಿದ ಮೇಲೆ ಪ್ರಸಂಗ ಮಾಡಬೇಡಿ.

“ನಿಮಗೆ ನಂಬಿಕೆ ಇದೆಯಾ?” ಎಂದು ಹಾಸಿಗೆಯಲ್ಲಿ ಮಲಗಿದವರನ್ನು ಕೇಳಬೇಡಿ. ಎಣ್ಣೆ ಹಚ್ಚುವ ಪದ್ಧತಿ ಇದ್ದರೆ ಹಣೆಗೆ ಒಂದು ಹನಿ ಸಾಕು, ಗಾಯ ಮತ್ತು ಡ್ರಿಪ್ ಹಾಕಿದ ಜಾಗದ ಹತ್ತಿರ ತಾಗಿಸಬಾರದು. ತಿಂಡಿ, ಎಳನೀರು ಒಯ್ಯುವ ಮೊದಲು ನರ್ಸನ್ನು ಕೇಳಿ. ಕಿಡ್ನಿ ರೋಗಿಗಳಿಗೆ ಎಳನೀರಿನ ಪೊಟ್ಯಾಸಿಯಂ ಅಪಾಯಕಾರಿ, ಕುಡಿಯುವ ನೀರಿಗೂ ಅವರಿಗೆ ದಿನದ ಮಿತಿ ಇರುತ್ತದೆ.